ಅಜ್ಜಂದಿರಿಗೆ ಏನಾಗಿತ್ತು?

ಆಫೀಸಿನ ಹೆಲ್ತ್ ಚೆಕಪ್ ಫಾರ್ಮ್‌ನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತೆ: ‘ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಇತ್ತೇ?’ ಹೆಚ್ಚಿನವರು ‘ಇಲ್ಲ’ ಅಂತ ಟಿಕ್ ಹಾಕಿ ಮುಂದೆ ಹೋಗ್ತಾರೆ. ಅದರಲ್ಲಿ ಮುಕ್ಕಾಲು ಪಾಲು ನಿಜವಾದ ಉತ್ತರ ‘ಗೊತ್ತಿಲ್ಲ’. ಡೇಟಾಬೇಸ್ ಜೊತೆ ದಿನಾ ಗುದ್ದಾಡೋರಿಗೆ ಈ ವ್ಯತ್ಯಾಸ ಗೊತ್ತು. ಸೊನ್ನೆ ಬೇರೆ, ಖಾಲಿ ಬೇರೆ.

ಹೋದ ವರ್ಷದಿಂದ ನಾನು ನಮ್ಮ ವಂಶವೃಕ್ಷವನ್ನ ಒಂದು ಶೀಟ್‌ನಲ್ಲಿ ತುಂಬಿಸ್ತಾ ಇದ್ದೀನಿ. ಈಗ 43 ಹೆಸರುಗಳಿವೆ. ಹೆಸರು, ಸಂಬಂಧ, ಊರು ಎಲ್ಲ ಸಲೀಸಾಗಿ ಸಿಕ್ಕವು. ‘ಹೇಗೆ ತೀರಿಕೊಂಡ್ರು?’ ಅನ್ನೋ ಕಾಲಂ ಮಾತ್ರ ಹಟ ಮಾಡ್ತು. ಸರ್ಕಾರಿ ದಾಖಲೆಯಲ್ಲಿ ಸಿಗುತ್ತೆ ಅಂದ್ಕೊಂಡ್ರೆ ಅದೂ ಇಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ, ನಮಗೆ ಕೊಡೋ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ನಮೂದಿಸೋ ಹಾಗಿಲ್ಲ. ಹಾಗಾಗಿ ಉಳಿಯೋದು ಮನೆಯ ಹಿರಿಯರ ನೆನಪು.

ಆ ನೆನಪಿಗೆ ತನ್ನದೇ ಭಾಷೆ ಇದೆ. ‘ಚಳಿಜ್ವರ’, ‘ವಾಂತಿಭೇದಿ’, ‘ಬಾಣಂತಿ ಸನ್ನಿ’, ‘ಅಮ್ಮ ಆಗಿತ್ತು’, ‘ಗ್ಯಾಸ್ ಹಿಡ್ಕೊಳ್ತು’, ‘ವಯಸ್ಸಾಗಿತ್ತು ಬಿಡು’. ಇವನ್ನ ತಕ್ಷಣ ಮಲೇರಿಯಾ, ಕಾಲರಾ, ಸಿಡುಬು ಅಂತ ಬದಲಾಯಿಸಿಬಿಡೋ ಆಸೆ ಆಗುತ್ತೆ. ನಾನು ಮೂರು ಕಾಲಂ ಇಟ್ಟೆ: ಮನೆಯವರು ಹೇಳಿದ್ದು ಹೇಳಿದ ಹಾಗೇ, ಯಾರು ಹೇಳಿದ್ದು, ನನ್ನ ಊಹೆ. ಮೊದಲನೆಯದನ್ನ ಯಾವತ್ತೂ ತಿದ್ದೋದಿಲ್ಲ. ‘ಬಾಣಂತಿ ಸನ್ನಿ’ ಅಂದ್ರೆ ಹೆರಿಗೆಯ ನಂತರದ ಸೋಂಕಿನ ಜ್ವರ ಇರಬಹುದು, ಫಿಟ್ಸ್ ಇರಬಹುದು, ಮಾನಸಿಕ ಕಾಯಿಲೆಯೂ ಇರಬಹುದು. ಊಹೆ ನಾಳೆ ಬದಲಾಗಬಹುದು, ಅಜ್ಜಿಯ ಮಾತು ಬದಲಾಗಬಾರದು.

ಇದು ನಾನೇ ಕಂಡುಹಿಡಿದ ವಿಧಾನ ಏನಲ್ಲ. ನಮ್ಮ ದೇಶದಲ್ಲೇ ‘ಮಿಲಿಯನ್ ಡೆತ್ ಸ್ಟಡಿ’ ಅನ್ನೋ ದೊಡ್ಡ ಅಧ್ಯಯನ ನಡೆದಿದೆ. ಸಮೀಕ್ಷೆಯವರು ಸಾವಾದ ಮನೆಗೆ ಹೋಗಿ, ಏನಾಯ್ತು ಅಂತ ಮನೆಯವರ ಮಾತಿನಲ್ಲೇ ಬರ್ಕೊಂಡ್ರು. ಆಮೇಲೆ ಇಬ್ಬರು ಡಾಕ್ಟರುಗಳು ಬೇರೆ ಬೇರೆಯಾಗಿ ಓದಿ ಕಾರಣ ನಿರ್ಧರಿಸಿದ್ರು. 2005ರಲ್ಲಿ ಹಾವು ಕಚ್ಚಿ ಸುಮಾರು 46,000 ಜನ ಸತ್ತಿದ್ದಾರೆ ಅನ್ನೋ ಅಂದಾಜು ಬಂದಿದ್ದು ಹೀಗೆ ಕೇಳಿದ್ದರಿಂದಲೇ. ಆಸ್ಪತ್ರೆಯ ಲೆಕ್ಕದಲ್ಲಿ ಇದ್ದಿದ್ದು ಅದರ ಒಂದು ಚೂರು ಮಾತ್ರ. ಉಳಿದ ಲೆಕ್ಕ ಮನೆಗಳಲ್ಲಿ ಇತ್ತು.

ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಮುತ್ತಜ್ಜನ ಲೆಕ್ಕದ ಪುಸ್ತಕದಲ್ಲಿ ಅವರ ಇಬ್ಬರು ತಮ್ಮಂದಿರು ತೀರಿಕೊಂಡ ವಿಷಯ ಇದೆ. ಒಬ್ಬರಿಗೆ 28, ಇನ್ನೊಬ್ಬರಿಗೆ 24. ಒಂಬತ್ತು ದಿನದ ಅಂತರ. ಮನೆಯಲ್ಲಿ ಕೇಳಿ ಬಂದಿದ್ದು ಒಂದೇ ಮಾತು: ‘ದಾಯಾದಿಗಳು ಮಾಟ ಮಾಡಿಸಿದ್ರು.’ ಅಲ್ಲಿಂದ ಆ ಮನೆಗೂ ನಮಗೂ ನೀರು ಬಳಕೆ ಇಲ್ಲ. ಪುಸ್ತಕದಲ್ಲಿ ಇಸವಿ ಇರಲಿಲ್ಲ, ‘ಕಾಳಯುಕ್ತಿ ಸಂವತ್ಸರ, ಆಶ್ವಯುಜ ಮಾಸ’ ಅಂತ ಇತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತೆ. ಲೆಕ್ಕ ಹಾಕಿದ್ರೆ 1918ರ ಅಕ್ಟೋಬರ್.

ಆ ತಿಂಗಳು ದೇಶದ ತುಂಬಾ ಇನ್‌ಫ್ಲುಯೆಂಜಾ. ಎಷ್ಟು ಜನ ಹೋದರು ಅಂದ್ರೆ 1911ರಿಂದ 1921ರ ನಡುವೆ ಭಾರತದ ಜನಸಂಖ್ಯೆಯೇ ಕಡಿಮೆಯಾಯ್ತು. ಅದು ಎಳೆಯರನ್ನ, ಮುದುಕರನ್ನ ಅಷ್ಟೇ ಅಲ್ಲದೆ 20ರಿಂದ 40ರ ಗಟ್ಟಿಮುಟ್ಟಾದವರನ್ನೂ ಎಳ್ಕೊಂಡು ಹೋದ ಜ್ವರ. ಊಹೆಯ ಕಾಲಂನಲ್ಲಿ ‘ಇನ್‌ಫ್ಲುಯೆಂಜಾ, ಬಹುತೇಕ’ ಅಂತ ಬರೆದೆ. ದೊಡ್ಡಪ್ಪನಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿ, “ಆ ಮನೇಲೂ ಆ ವರ್ಷ ಮೂರು ಹೆಣ ಬಿದ್ದಿತ್ತಂತೆ ಕಣೋ” ಅಂದ್ರು. ಆ ಮಾತನ್ನ ಅವರು ಅಲ್ಲಿಯವರೆಗೆ ಹೇಳಿರಲಿಲ್ಲ.

ಎರಡನೇದು ‘ಗ್ಯಾಸ್’. ಅಜ್ಜ 52ಕ್ಕೆ, ದೊಡ್ಡ ಚಿಕ್ಕಪ್ಪ 49ಕ್ಕೆ, ಅಜ್ಜನ ತಮ್ಮ 54ಕ್ಕೆ. ಮೂವರದ್ದೂ ಬೇರೆ ಬೇರೆ ಕಥೆ. ಒಬ್ಬರು ಊಟ ಆದ ಮೇಲೆ, ಒಬ್ಬರು ಬಸ್ ಸ್ಟ್ಯಾಂಡಿನಲ್ಲಿ, ಒಬ್ಬರು ಗದ್ದೆಯಲ್ಲಿ. ಕಥೆಯಾಗಿ ಕೇಳಿದಾಗ ಮೂರು ದುರದೃಷ್ಟ. ವಯಸ್ಸಿನ ಪ್ರಕಾರ ಸಾರ್ಟ್ ಮಾಡಿದಾಗ ಮೂರೂ ಸಾಲು ಒಂದರ ಕೆಳಗೆ ಒಂದು ಬಂದು ನಿಂತವು. ಎದೆ ಹಿಡ್ಕೊಂಡ್ರು, ಬೆವರಿದ್ರು, ಅರ್ಧ ಗಂಟೆಯಲ್ಲಿ ಹೋದ್ರು.

ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ರೆ ಡಾಕ್ಟರುಗಳು ಅದನ್ನ ಲೆಕ್ಕಕ್ಕೆ ತಗೋತಾರೆ. ಅಜ್ಜನ ಸಾಲು ನಮ್ಮಪ್ಪನಿಗೆ ‘ತಂದೆ’, ಚಿಕ್ಕಪ್ಪನ ಸಾಲು ‘ತಮ್ಮ’. ಅಪ್ಪನಿಗೆ ಈಗ 58. ಶೀಟ್ ತೋರಿಸಿದೆ, ವಾದ ಮಾಡಲಿಲ್ಲ. ಮುಂದಿನ ವಾರ ಡಾಕ್ಟರ ಹತ್ತಿರ ಹೋದ್ವಿ. ಈಗ ಬಿಪಿಗೂ ಕೊಲೆಸ್ಟ್ರಾಲ್‌ಗೂ ಮಾತ್ರೆ ನಡೀತಿದೆ. ಚಿಕ್ಕಪ್ಪನ ಮಗನಿಗೂ ಹೇಳಿದೀನಿ. ಅವನಿಗೆ 33, ಸಿಗರೇಟು ಇನ್ನೂ ಬಿಟ್ಟಿಲ್ಲ.

ಮೂರನೇ ಸಾಲು ಕಷ್ಟದ್ದು. ಅಜ್ಜಿಗೆ ಒಬ್ಬಳು ತಂಗಿ ಇದ್ದಳು ಅನ್ನೋದೇ ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಎರಡು ವರ್ಷಕ್ಕೆ, 19ನೇ ವಯಸ್ಸಲ್ಲಿ, ನೀರು ಸೇದೋಕೆ ಹೋದವಳು ಬಾವಿಗೆ ಬಿದ್ದಳು. ಇದನ್ನ ಹೇಳಿದ್ದು ಸೋದರತ್ತೆ, ಅದೂ ಅಡುಗೆಮನೆ ಬಾಗಿಲು ಹಾಕ್ಕೊಂಡು. “ಕಾಲು ಜಾರಿತು ಅಂತಾರಪ್ಪ. ಅದೇನೋ ಯಾರಿಗೆ ಗೊತ್ತು” ಅಂದ್ರು. ಪಿತೃಪಕ್ಷದಲ್ಲಿ ಎಡೆ ಇಡುವಾಗ ಅವಳ ಹೆಸರು ಯಾರೂ ಹೇಳಲ್ಲ. ಕಾರಣ ಹೇಳೋಕೆ ಆಗದೆ ಮನುಷ್ಯಳನ್ನೇ ಪಟ್ಟಿಯಿಂದ ತೆಗೆದುಬಿಟ್ಟಿದ್ರು.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಐಸಿಡಿ-10ರಲ್ಲಿ ನೀರಿನಲ್ಲಿ ಮುಳುಗಿದ ಸಾವಿಗೆ ಬೇರೆ ಬೇರೆ ಕೋಡ್ ಇವೆ. ಆಕಸ್ಮಿಕವಾದರೆ ಒಂದು ಗುಂಪು, ತಾನಾಗಿ ಮಾಡಿಕೊಂಡಿದ್ದಾದರೆ ಎಕ್ಸ್71. ಇನ್ನೊಂದು ವೈ21: ಮುಳುಗಿದ್ದು ನಿಜ, ಉದ್ದೇಶ ನಿರ್ಧಾರವಾಗಿಲ್ಲ. ಜಗತ್ತಿನ ಸಾವನ್ನೆಲ್ಲ ವಿಂಗಡಿಸೋ ಪಟ್ಟಿಯೇ ‘ತಿಳಿಯದು’ ಅನ್ನೋದಕ್ಕೊಂದು ಜಾಗ ಇಟ್ಟಿದೆ. ಅವಳ ಸಾಲಿಗೆ ನಾನು ಅದನ್ನೇ ಹಾಕಿದೆ. ಅತ್ತೆಗೆ ಓದಿ ಹೇಳಿದಾಗ ಅವರು ಕೋಡ್ ಬಗ್ಗೆ ಏನೂ ಕೇಳಲಿಲ್ಲ. “ಹೆಸರು ಸರಿಯಾಗಿ ಬರ್ದಿದ್ದೀಯಾ?” ಅಂತ ಕೇಳಿದ್ರು.

ಶೀಟನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿಲ್ಲ, ಹಾಕೋದೂ ಇಲ್ಲ. ಆರೋಗ್ಯಕ್ಕೆ ಬೇಕಾದ ಸಾಲುಗಳನ್ನ ಬೇಕಾದವರಿಗೆ ಮಾತ್ರ ಕಳಿಸಿದೀನಿ. ಈಗ ಬದುಕಿರೋರ ಕಾಯಿಲೆಯನ್ನ ಅವರನ್ನ ಕೇಳದೆ ಬರೆಯೋದಿಲ್ಲ. ವೆಬ್‌ಸೈಟುಗಳಿಗೆ ಅಪ್‌ಲೋಡ್ ಮಾಡೋ ಪ್ರಶ್ನೆಯೇ ಇಲ್ಲ.

ನೀವೂ ಶುರು ಮಾಡೋದಾದ್ರೆ ‘ಯಾವ ಕಾಯಿಲೆ?’ ಅಂತ ಕೇಳಬೇಡಿ, ‘ವಯಸ್ಸಾಗಿತ್ತು’ ಅಂತ ಮುಗಿಸಿಬಿಡ್ತಾರೆ. ಆಗ ಎಷ್ಟು ವಯಸ್ಸು, ಎಷ್ಟು ದಿನ ಮಲಗಿದ್ರು, ಜ್ವರ ಇತ್ತಾ, ಕಾಲು ಊದಿತ್ತಾ, ಮೈ ಇಳಿದಿತ್ತಾ, ಅದೇ ವಾರ ಊರಲ್ಲಿ ಬೇರೆ ಯಾರಾದ್ರೂ ಹೋದ್ರಾ ಅಂತ ಕೇಳಿ. ಮಧ್ಯೆ ಬಾಯಿ ಹಾಕಬೇಡಿ. ಅವರು ಒಪ್ಪಿದ್ರೆ ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

ನಮ್ಮ ಸೋದರತ್ತೆಗೆ ಈಗ 81. ಶೀಟ್‌ನಲ್ಲಿ ಇನ್ನೂ 14 ಸಾಲು ಖಾಲಿ ಇವೆ, ಅದರಲ್ಲಿ ಒಂಬತ್ತು ಅವರಿಗೆ ಮಾತ್ರ ಗೊತ್ತಿರೋರದ್ದು. ಈ ಶನಿವಾರ ಊರಿಗೆ ಟಿಕೆಟ್ ಬುಕ್ ಮಾಡಿದೀನಿ.