ಕೊಲೆಯಾದವರು ಇಬ್ಬರು



ನಮ್ಮ ದೇರಾದ ಕೂಟಗಳಲ್ಲಿ ಊಟದ ತಟ್ಟೆ ಕೈಗೆ ಬಂದ ಮೇಲೆ ಮಾತು ಎತ್ತ ಹರಿಯುತ್ತದೆಂದು ಹೇಳುವುದು ಕಷ್ಟ. ಚಿನ್ನದ ಬೆಲೆಯಿಂದ ಹೊರಟು, ಊರಿನ ಸೈಟುಗಳನ್ನು ಸುತ್ತಿಕೊಂಡು, ಕೊನೆಗೆ ಯಾವುದಾದರೂ ಕೊಲೆಯ ಹತ್ತಿರ ಬಂದು ನಿಲ್ಲುತ್ತದೆ. ಅದರಲ್ಲೂ ನೋಯ್ಡಾದ ಆರುಷಿ ಪ್ರಕರಣ ಎಂದರೆ ಹದಿನೆಂಟು ವರ್ಷ ಹಳೆಯ ಉಪ್ಪಿನಕಾಯಿ. ಇನ್ನೂ ರುಚಿ ಕೆಟ್ಟಿಲ್ಲ. ‘ತಂದೆತಾಯಿಯೇ ಕೊಂದದ್ದು, ಅದರಲ್ಲೇನು ಅನುಮಾನ?’ ಎಂದು ಒಬ್ಬರು. ‘ಛೆ, ಕೆಲಸದವರದೇ ಕೈವಾಡ, ಸಿನಿಮಾ ನೋಡಿಲ್ಲವೇ?’ ಎಂದು ಇನ್ನೊಬ್ಬರು. ‘ಡಾಕ್ಟರುಗಳು, ಪ್ರಭಾವಿಗಳು, ದುಡ್ಡು ಚೆಲ್ಲಿ ಮುಚ್ಚಿಸಿದರು’ ಎಂದು ಮೂರನೆಯವರು. ಅರ್ಧ ಗಂಟೆಯಲ್ಲಿ ಮೂರು ತೀರ್ಪು! ಆದರೆ ಸತ್ತವರಲ್ಲಿ ಎರಡನೆಯವರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಅವರ ಹೆಸರು ಹೇಮರಾಜ್. ಸುಮಾರು 45 ವರ್ಷದ ನೇಪಾಳಿ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಪರದೇಶದಲ್ಲಿ ದುಡಿದು ಮನೆಗೆ ದುಡ್ಡು ಕಳಿಸುತ್ತಿದ್ದವರು. ಈ ವರ್ಣನೆ ನಮಗೆಲ್ಲ ಎಲ್ಲೋ ಕೇಳಿದಂತಿದೆಯಲ್ಲವೇ? ವೀಸಾ ಸ್ಟಾಂಪೊಂದನ್ನು ಬಿಟ್ಟರೆ ಅವರಿಗೂ ನಮ್ಮಲ್ಲಿ ಅನೇಕರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಮೇ 16, 2008ರ ಬೆಳಿಗ್ಗೆ ನೋಯ್ಡಾದ ಜಲವಾಯು ವಿಹಾರದ ಫ್ಲಾಟಿನಲ್ಲಿ, ದಂತವೈದ್ಯ ದಂಪತಿ ರಾಜೇಶ್ ಮತ್ತು ನೂಪುರ್ ತಲ್ವಾರರ ಒಬ್ಬಳೇ ಮಗಳು, 13 ವರ್ಷದ ಆರುಷಿ, ತನ್ನ ಕೋಣೆಯಲ್ಲಿ ಕೊಲೆಯಾಗಿದ್ದಳು. ಮನೆಗೆಲಸದ ಹೇಮರಾಜ್ ಕಾಣಿಸಲಿಲ್ಲ. ಅಷ್ಟು ಸಾಕಾಯಿತು. ‘ನೌಕರನೇ ಕೊಂದು ಓಡಿದ’ ಎಂದು ಪೊಲೀಸರು ಸಾರಿದರು, ಹಿಡಿದುಕೊಟ್ಟವರಿಗೆ ಬಹುಮಾನವೆಂದರು, ನೇಪಾಳದ ದಾರಿ ಹಿಡಿದರು. ಟಿವಿಯವರು ಇಡೀ ದಿನ ಅದನ್ನೇ ಜಪಿಸಿದರು. ತಾರಸಿಯ ಬಾಗಿಲಿಗೆ ಬೀಗ. ಅದರ ಹತ್ತಿರ ರಕ್ತದ ಕಲೆ. ಕೀಲಿಕೈ ಸಿಗಲಿಲ್ಲವೆಂದು ಅದನ್ನು ಹಾಗೇ ಬಿಟ್ಟರು! ಮರುದಿನ ಬೀಗ ಒಡೆದಾಗ, ‘ಓಡಿಹೋದ’ ಹೇಮರಾಜ್ ಅಲ್ಲೇ ಹೆಣವಾಗಿ ಬಿದ್ದಿದ್ದರು. ಒಂದು ಇಡೀ ದಿನ ದೇಶವೆಲ್ಲ ಒಬ್ಬ ಸತ್ತ ಮನುಷ್ಯನನ್ನು ಕೊಲೆಗಾರನೆಂದು ಹುಡುಕಿತು. ಇದಕ್ಕೆ ಯಾರಾದರೂ ಅವರ ಹೆಂಡತಿಯ ಕ್ಷಮೆ ಕೇಳಿದ್ದನ್ನು ನಾವು ಓದಿಲ್ಲ.

ಇಲ್ಲೊಂದು ಸಣ್ಣ ಮಾತು. ನಮ್ಮ ಕನ್ನಡದಲ್ಲೇ ಈ ತೀರ್ಪು ಅಡಗಿದೆ. ‘ಡಾಕ್ಟರು ಬಂದರು’, ಆದರೆ ‘ಹೇಮರಾಜ ಓಡಿಹೋದ’. ಒಂದೇ ಮನೆ, ಸರಿಸುಮಾರು ಒಂದೇ ವಯಸ್ಸಿನವರು. ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಏಕವಚನ. ನಮ್ಮ ಮನೆಗಳಲ್ಲಿ ಉಂಗುರ ಕಾಣದಿದ್ದರೆ ಮೊದಲು ಯಾರ ಚೀಲ ತೆರೆಯುತ್ತೇವೆಂದು ನಾವೆಲ್ಲ ನಮ್ಮನ್ನೇ ಕೇಳಿಕೊಳ್ಳಬಹುದು.

ನೌಕರನ ಕಥೆ ಕುಸಿದ ಮೇಲೆ ಹೊಸ ಕಥೆ ಬೇಕಾಯಿತು. ಒಂದು ವಾರದೊಳಗೆ, ಮೇ 23ರಂದು, ತಂದೆಯ ಬಂಧನ. ಅದೇ ದಿನ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಪತ್ರಕರ್ತರ ಮುಂದೆ ಕುಳಿತು, ಸತ್ತ ಮಗುವಿನ ನಡತೆಯ ಬಗ್ಗೆಯೂ ತಂದೆಯ ನಡತೆಯ ಬಗ್ಗೆಯೂ ನಾಲಿಗೆ ಹರಿಯಬಿಟ್ಟರು. ಸಂಸಾರಸ್ಥರು ಓದುವ ಈ ಪತ್ರಿಕೆಯಲ್ಲಿ ಅದನ್ನೆಲ್ಲ ಬರೆಯಲಾರೆವು. ಸಿಬಿಐ ಬಂತು. ಮೊದಲ ತಂಡ ಮತ್ತೆ ಕೆಲಸದವರತ್ತ ತಿರುಗಿತು, ಮೂವರನ್ನು ಬಂಧಿಸಿತು. 90 ದಿನಗಳಲ್ಲಿ ಆರೋಪಪಟ್ಟಿ ಸಲ್ಲಿಸಲಾಗದೆ ಅವರು ಜಾಮೀನಿನ ಮೇಲೆ ಹೊರಬಂದರು. ಎರಡನೇ ತಂಡ ಮತ್ತೆ ತಂದೆತಾಯಿಯತ್ತ. ಗಡಿಯಾರದ ಲೋಲಕ ಇದಕ್ಕಿಂತ ಹೆಚ್ಚು ಯೋಚಿಸಿ ಓಲಾಡುತ್ತದೆ!

ಈಗ ನಮ್ಮ ಬೆಂಗಳೂರಿನ ಪಾತ್ರಕ್ಕೆ ಬರೋಣ. ಆ ನೌಕರರನ್ನು ಮಂಪರು ಪರೀಕ್ಷೆಗೆಂದು ಕರೆತಂದದ್ದು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಆಗ ದೇಶದಲ್ಲೆಲ್ಲ ಮಂಪರು ಪರೀಕ್ಷೆಗೆ ಬೆಂಗಳೂರೇ ಕಾಶಿ. ನಮ್ಮ ಖಾನಾಪುರದ ತೆಲಗಿಗೂ ಅಲ್ಲೇ ನಡೆಯಿತು, ಅದರ ಟೇಪೂ ಟಿವಿಯಲ್ಲಿ ಬಂತು. ಈ ಪ್ರಕರಣದ ತುಣುಕುಗಳೂ ಬಂದವು. ಮಂಪರಿನಲ್ಲಿ ತೊದಲುವ ಬಡ ಹುಡುಗನ ಮುಖ ನೋಡಿ ದೇಶ ‘ಸತ್ಯ ಹೊರಬಿತ್ತು’ ಎಂದಿತು. ವೈದ್ಯ ವೃತ್ತಿಯವರಾಗಿ ನಾವು ಸ್ಪಷ್ಟವಾಗಿ ಹೇಳಬೇಕು: ಪೆಂಟೋಥಾಲ್ ಸತ್ಯದ ಔಷಧಿ ಅಲ್ಲ, ಅರಿವಳಿಕೆಯ ಔಷಧಿ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ನಿದ್ದೆಗೆ ಕಳಿಸಲು ಕೊಡುತ್ತಿದ್ದದ್ದು. ಪ್ರಮಾಣ ಕಡಿಮೆ ಮಾಡಿ ನಿದ್ದೆ ಎಚ್ಚರಗಳ ನಡುವೆ ನಿಲ್ಲಿಸಿದರೆ ಮನುಷ್ಯ ಸಂಕೋಚ ಬಿಟ್ಟು ಮಾತಾಡುತ್ತಾನೆ, ನಿಜ. ಆದರೆ ಆ ಮಾತಿನಲ್ಲಿ ನೆನಪು ಯಾವುದು, ಕನಸು ಯಾವುದು, ಪ್ರಶ್ನೆ ಕೇಳಿದವರೇ ಬಾಯಿಗೆ ತುರುಕಿದ್ದು ಯಾವುದು ಎಂದು ಬೇರ್ಪಡಿಸುವ ಉಪಕರಣ ಯಾವ ಆಸ್ಪತ್ರೆಯಲ್ಲೂ ಇಲ್ಲ. ಆಪರೇಷನ್ ಥಿಯೇಟರಿನಲ್ಲಿ ಅರೆಪ್ರಜ್ಞೆಯ ರೋಗಿಗಳು ಆಡುವ ಮಾತನ್ನೆಲ್ಲ ಸಾಕ್ಷ್ಯವೆಂದು ಹಿಡಿದರೆ ನಮ್ಮ ಅರ್ಧ ಊರು ಜೈಲಿನಲ್ಲಿರಬೇಕಾಗುತ್ತದೆ.

ಇದಕ್ಕೆ ತಡೆ ಹಾಕಿದ್ದೂ ಕರ್ನಾಟಕದ ಹೆಸರು ಹೊತ್ತ ಪ್ರಕರಣವೇ. ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಮೊಕದ್ದಮೆಯಲ್ಲಿ ಮೇ 5, 2010ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಹಾಗಿದ್ದರೂ ಆ ಹಳೆಯ ತುಣುಕುಗಳು ನಮ್ಮ ವಾಟ್ಸ್‌ಆಪ್ ಗುಂಪುಗಳಲ್ಲಿ ‘ಮುಚ್ಚಿಟ್ಟ ಸತ್ಯ’ ಎಂಬ ತಲೆಬರಹದೊಡನೆ ಮತ್ತೆ ಮತ್ತೆ ಬರುತ್ತಿವೆ.

ನಮ್ಮ ವೃತ್ತಿಬಾಂಧವರ ಪಾಲೂ ಇದರಲ್ಲಿ ಇಲ್ಲದಿಲ್ಲ. ಹುಡುಗಿಯ ಮರಣೋತ್ತರ ವರದಿಯಲ್ಲಿ ಒಂದು ಅಂಶದ ಬಗ್ಗೆ ‘ಅಸಹಜವಾದುದೇನೂ ಕಾಣಲಿಲ್ಲ’ ಎಂದು ಬರೆದ ವೈದ್ಯರು, ತಿಂಗಳುಗಳು ಕಳೆದ ಮೇಲೆ ತನಿಖೆಗಾರರಿಗೆ ಕೊಟ್ಟ ಹೇಳಿಕೆಗಳಲ್ಲಿ ಬೇರೆಯೇ ಹೇಳತೊಡಗಿದರು. ಹೇಮರಾಜರ ಶವ ಪರೀಕ್ಷಿಸಿದವರು, ದೇಹದ ಒಂದು ಭಾಗ ಊದಿದ್ದನ್ನು ಕಂಡು ಸಾಯುವ ಮುನ್ನ ಆ ಮನುಷ್ಯ ಏನು ಮಾಡುತ್ತಿದ್ದಿರಬಹುದೆಂದು ಕೋರ್ಟಿನಲ್ಲಿ ಊಹಿಸಿದರು. ಆಧಾರವೇನೆಂದರೆ ತಮ್ಮ ಸಂಸಾರದ ಅನುಭವವಂತೆ! ಉತ್ತರ ಭಾರತದ ಮೇ ತಿಂಗಳ ಬಿಸಿಲಲ್ಲಿ, ತೆರೆದ ತಾರಸಿಯ ಮೇಲೆ, ಒಂದು ದಿನಕ್ಕೂ ಹೆಚ್ಚು ಕಾಲ ಬಿದ್ದ ದೇಹ ಕೊಳೆತು ಅನಿಲ ತುಂಬಿ ಊದುತ್ತದೆ. ಇದನ್ನು ತಿಳಿಯಲು ಪರಿಣತನಾಗಬೇಕಿಲ್ಲ, ಎಂ.ಬಿ.ಬಿ.ಎಸ್. ವಿದ್ಯಾರ್ಥಿ ಇದನ್ನು ತಪ್ಪಾಗಿ ಬರೆದರೆ ಪರೀಕ್ಷೆಯಲ್ಲಿ ನಪಾಸು. ನಾವು ಓದುವಾಗ ಫೊರೆನ್ಸಿಕ್ ವಿಷಯವನ್ನು ‘ಹೇಗೋ ದಾಟಿದರೆ ಸಾಕು’ ಎಂದು ಎಲ್ಲರೂ ಕಾಣುತ್ತಿದ್ದರು. ಆ ಉದಾಸೀನಕ್ಕೆ ಬೆಲೆ ಕಟ್ಟುವವರು ಯಾರೆಂದು ಆಗ ಯಾರೂ ಹೇಳಿಕೊಟ್ಟಿರಲಿಲ್ಲ.

‘ಪ್ರಭಾವಿಗಳು, ಅದಕ್ಕೇ ಪಾರಾದರು’ ಎನ್ನುವವರಿಗೆ ಒಂದು ಪ್ರಶ್ನೆ. ಯಾವ ಪ್ರಭಾವ? 2010ರ ಕೊನೆಯಲ್ಲಿ ಸಿಬಿಐ ಸಾಕ್ಷ್ಯ ಸಾಲದೆಂದು ಪ್ರಕರಣ ಮುಚ್ಚಲು ವರದಿ ಸಲ್ಲಿಸಿತು. ಕೋರ್ಟ್ ಅದನ್ನು ತಳ್ಳಿಹಾಕಿ ಅದೇ ವರದಿಯ ಮೇಲೆ ತಂದೆತಾಯಿಯನ್ನು ಆರೋಪಿಗಳನ್ನಾಗಿಸಿತು. 2013ರ ನವೆಂಬರಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಸುಮಾರು ನಾಲ್ಕು ವರ್ಷ ಡಾಸ್ನಾ ಜೈಲಿನಲ್ಲಿದ್ದು, ಅಲ್ಲಿನ ಕೈದಿಗಳ ಹಲ್ಲು ನೋಡಿಕೊಂಡಿದ್ದರು. ಅಕ್ಟೋಬರ್ 12, 2017ರಂದು ಅಲಹಾಬಾದ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ವಿಚಾರಣಾ ನ್ಯಾಯಾಧೀಶರು ಸಿನಿಮಾ ನಿರ್ದೇಶಕರಂತೆ ಚದುರಿದ ಸಂಗತಿಗಳಿಂದ ಕಥೆ ಹೆಣೆದರೆಂದು ಪೀಠದ ಒಬ್ಬ ನ್ಯಾಯಮೂರ್ತಿ ಬರೆದರು. ಕಪ್ಪು ಕೋಟು ತೊಟ್ಟು ಅವರು ಮಾಡಿದ್ದನ್ನು ನಾವು ಕೈಯಲ್ಲಿ ಹಪ್ಪಳ ಹಿಡಿದುಕೊಂಡು ಮಾಡುತ್ತಿದ್ದೇವೆ, ಅಷ್ಟೇ ವ್ಯತ್ಯಾಸ.

ನಿಜವಾದ ಪ್ರಭಾವ ಹೇಗಿರುತ್ತದೆಂದು ನೋಡಬೇಕಾದರೆ ಟೊರಾಂಟೋಗೆ ಹೋಗಬೇಕು. ಅಪೋಟೆಕ್ಸ್ ಔಷಧಿ ಕಂಪನಿಯ ಹೆಸರು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು; ಬೆಂಗಳೂರಿನ ಬೊಮ್ಮಸಂದ್ರದಲ್ಲೂ ಅದರ ಕಾರ್ಖಾನೆಯಿತ್ತು. ಅದರ ಸ್ಥಾಪಕ, ಕೋಟ್ಯಧಿಪತಿ ಬ್ಯಾರಿ ಶೆರ್ಮನ್ ಮತ್ತು ಪತ್ನಿ ಹನಿ ಡಿಸೆಂಬರ್ 15, 2017ರಂದು ತಮ್ಮ ಮನೆಯ ಈಜುಕೊಳದ ಪಕ್ಕ ಹೆಣವಾಗಿ ಸಿಕ್ಕರು. ಗಂಡನೇ ಹೆಂಡತಿಯನ್ನು ಕೊಂದು ತಾನೂ ಸತ್ತನೆಂದು ಪೊಲೀಸ್ ಮೂಲಗಳ ಹೆಸರಿನಲ್ಲಿ ಸುದ್ದಿ ಹಬ್ಬಿತು. ಮಕ್ಕಳು ಸುಮ್ಮನಿರಲಿಲ್ಲ. ನಿವೃತ್ತ ಪತ್ತೇದಾರರನ್ನು ನೇಮಿಸಿದರು, ಬೇರೆ ತಜ್ಞರಿಂದ ಎರಡನೇ ಶವಪರೀಕ್ಷೆ ಮಾಡಿಸಿದರು. ಆರು ವಾರಗಳಲ್ಲಿ ಪೊಲೀಸರು ಇದು ಗುರಿಯಿಟ್ಟು ಮಾಡಿದ ಜೋಡಿ ಕೊಲೆಯೆಂದು ಒಪ್ಪಿಕೊಂಡರು. 2022ರ ಹೊತ್ತಿಗೆ ಸುಳಿವು ಕೊಟ್ಟವರಿಗೆ ಬಹುಮಾನ 3.5 ಕೋಟಿ ಡಾಲರಿಗೆ ಏರಿತ್ತು. ಆದರೂ ಐದು ವರ್ಷ ಕಳೆದರೂ ಒಬ್ಬರ ಬಂಧನವೂ ಆಗಿರಲಿಲ್ಲ. ಅಷ್ಟು ಹಣಕ್ಕೂ ಕೊಲೆಗಾರ ಸಿಗಲಿಲ್ಲ. ಆದರೆ ಸತ್ತವರ ಮೇಲಿನ ಕಳಂಕವನ್ನು ತೊಳೆಯುವ ಎರಡನೇ ಶವಪರೀಕ್ಷೆ ಮಾತ್ರ ಸಿಕ್ಕಿತು. ಹೇಮರಾಜರಿಗೆ ಎರಡನೇ ಶವಪರೀಕ್ಷೆ ಮಾಡಿಸುವವರು ಯಾರಿದ್ದರು? ಅವರ ಕಳಂಕ ಇಂದಿಗೂ ಅಲ್ಲೇ ಇದೆ. ನಮ್ಮ ಊಟದ ಕೂಟಗಳಲ್ಲಿ ಅದನ್ನು ಹೊಸದಾಗಿ ಬಳಿಯುತ್ತಿದ್ದೇವೆ.

‘ಮಾತಾಡುವುದೂ ತಪ್ಪೇ ಡಾಕ್ಟರೇ?’ ಎಂದು ಕೆಲವರು ಕೇಳುವುದು ಖಂಡಿತ. ತಪ್ಪಲ್ಲ. ಬೀಗ ಏಕೆ ಒಡೆಯಲಿಲ್ಲ, ಕೊಲೆಯ ಮನೆಯೊಳಗೆ ಟಿವಿಯವರನ್ನೂ ನೆರೆಯವರನ್ನೂ ಓಡಾಡಲು ಬಿಟ್ಟದ್ದು ಏಕೆ, ವರದಿ ಏಕೆ ಬದಲಾಯಿತು ಎಂದು ಕೇಳಿ, ಜೋರಾಗಿಯೇ ಕೇಳಿ. ಅದು ಪ್ರಜೆಯ ಹಕ್ಕು. ಆದರೆ ನಾವು ಕೇಳುತ್ತಿರುವುದು ಅದಲ್ಲ. ಯಾರು ಯಾರ ಕೋಣೆಯಲ್ಲಿದ್ದರು ಎಂಬುದನ್ನು ಕೇಳುತ್ತಿದ್ದೇವೆ, ಅದೂ ಮಕ್ಕಳು ಪಕ್ಕದಲ್ಲೇ ಕೂತಿರುವಾಗ. ಊರಿನ ಅಂತೆಕಂತೆಗಳ ಸಂತೆಯನ್ನು ಇಲ್ಲಿ ತೆರೆಯುವ ಮುನ್ನ ಈ ದೇಶದ ಕಾನೂನನ್ನೂ ನೆನೆಯಬೇಕು: 2021ರ 34ನೇ ಫೆಡರಲ್ ಕಾಯ್ದೆಯ ಪ್ರಕಾರ ಆನ್‌ಲೈನಿನಲ್ಲಿ ಸುಳ್ಳು ಸುದ್ದಿ, ವದಂತಿ ಹರಡಿದರೆ ಕನಿಷ್ಠ ಒಂದು ವರ್ಷ ಸೆರೆ, ಒಂದು ಲಕ್ಷ ದಿರ್ಹಾಂ ದಂಡ. ಫಾರ್ವರ್ಡ್ ಮಾಡುವ ಬೆರಳಿಗೂ ಇದು ಅನ್ವಯಿಸುತ್ತದೆ.

2017ರ ಡಿಸೆಂಬರಿನಲ್ಲಿ ಹೇಮರಾಜರ ಪತ್ನಿ, ಹೈಕೋರ್ಟಿನ ತೀರ್ಪನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಸಿಬಿಐ ಬಂದದ್ದು ಅವರ ನಂತರ, 2018ರಲ್ಲಿ. ತಂದೆತಾಯಿ ತಪ್ಪಿತಸ್ಥರೋ ಅಲ್ಲವೋ ಎಂಬುದರಲ್ಲಿ ಆಕೆಯ ಪರವೋ ತಲ್ವಾರರ ಪರವೋ ನಾವು ವಾದಿಸುತ್ತಿಲ್ಲ. ಆಕೆ ಕೇಳಿದ್ದು ಒಂದೇ: ಇವರು ಕೊಲ್ಲದಿದ್ದರೆ ನನ್ನ ಗಂಡನನ್ನು ಕೊಂದವರು ಯಾರು? ನಮ್ಮ ಕೂಟದ ಅರ್ಧ ಗಂಟೆಯ ಮೂರು ತೀರ್ಪುಗಳಲ್ಲಿ ಈ ಪ್ರಶ್ನೆ ಇರಲೇ ಇಲ್ಲ.

ಸಂಘದ ಗುಂಪಿನಲ್ಲಿ ಹರಿದಾಡುತ್ತಿರುವ ಆ ಮಂಪರು ತುಣುಕನ್ನು ಹಾಕಿದವರು ದಯವಿಟ್ಟು ತೆಗೆದುಹಾಕಬೇಕೆಂದು ಕೋರುತ್ತೇವೆ. ನಮ್ಮ ಮಾತನ್ನು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ, ಹೆಸರು ಹಾಕಿ ಬರೆಯಲಿ.