ಸಂಚಕಾರಕ್ಕೆ ಎರಡರ್ಥ

ಗುಡಿ ಪಾಡ್ವ, ದಸರೆ ಬಂದರೆ ನಾಸಿಕ, ಛತ್ರಪತಿ ಸಂಭಾಜಿನಗರಗಳಲ್ಲಿ ಮನೆ ಬುಕ್ ಮಾಡುವವರ ಅವಸರ ಹೆಚ್ಚುತ್ತದೆ. 'ಇಂದೇ ಇಸಾರ ಕೊಡಿ, ನಾಳೆ ಫ್ಲ್ಯಾಟ್ ಉಳಿಯದು' ಎಂಬ ಮಾತಿಗೆ ಮಣಿದವರು ಬರೀ ರಸೀದಿ ನಂಬಿ ವರ್ಷಗಳ ಉಳಿತಾಯ ಕೊಟ್ಟುಬಿಡುತ್ತಾರೆ.

ಮರಾಠಿಯ ಇಸಾರಕ್ಕೆ ಕನ್ನಡದಲ್ಲಿರುವ ಹಳೆಯ ಪದ ಸಂಚಕಾರ. ಅದಕ್ಕೆ ಮುಂಗಡವೆಂದೂ ಅರ್ಥ, ಕೇಡೆಂದೂ ಅರ್ಥ. ಮೊದಲನೆಯದು ಎರಡನೆಯದಾಗದಿರಲೆಂದೇ 2016ರ ರೇರಾ ಕಾಯ್ದೆಯ 13ನೇ ಕಲಮು ಇದೆ: ಮಾರಾಟದ ಕರಾರು ನೋಂದಣಿಯಾಗುವ ಮುನ್ನ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ಕಾನೂನು ಹಣಕ್ಕೆ ಮಿತಿ ಹಾಕಬಲ್ಲದು, ಅವಸರಕ್ಕಲ್ಲ. ಮಹಾರೇರಾ ಜಾಲತಾಣದಲ್ಲಿ ನೋಂದಣಿ ಸಂಖ್ಯೆ, ಕಟ್ಟಡ ಮುಗಿಯುವ ದಿನಾಂಕ ನೋಡಲು ಅರ್ಧ ಗಂಟೆ ಸಾಕು. ಅಷ್ಟು ಹೊತ್ತೂ ಕಾಯದವನ ಮನೆ ಕೈತಪ್ಪಿದರೆ ಅದು ನಷ್ಟವಲ್ಲ.