ಹುಡುಗನ ರೇಸಿಗೆ ತೋಟದ ಪಹಣಿಯೇ?



ಕಳೆದ ತಿಂಗಳ ಆಡಳಿತ ಮಂಡಳಿಯ ಸಭೆಯಲ್ಲಿ ಗೊಬ್ಬರ, ಮೈಲುತುತ್ತ, ಸುಣ್ಣದ ವಿಷಯಗಳೆಲ್ಲ ಮುಗಿದ ಮೇಲೆ ಒಂದು ಅರ್ಜಿಯನ್ನು ಓದಲಾಯಿತು. ನಮ್ಮ ಹಿರಿಯ ಸದಸ್ಯರೊಬ್ಬರು ತಮ್ಮ ಮಗನನ್ನು ಯೂರೋಪಿನ ಫಾರ್ಮುಲಾ ಕಾರುಗಳ ಪಂದ್ಯಗಳಿಗೆ ಕಳಿಸಲು ತೋಟದ ಆಧಾರದ ಮೇಲೆ ಸಾಲ ಕೇಳಿದ್ದರು. ಉಪವಿಧಿಗಳಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಹೇಳಿ ಕಡತ ಮುಚ್ಚುವುದು ಎರಡು ನಿಮಿಷದ ಕೆಲಸ. ಹಾಗೆಯೇ ಮುಚ್ಚಿದೆವು. ಆದರೆ ಸಭೆಯ ನಂತರ ಕಾಫಿ ಕುಡಿಯುವಾಗ, "ಮಕ್ಕಳ ಎಂಜಿನಿಯರಿಂಗಿಗೆ ತೋಟ ಅಡವಿಟ್ಟರೆ ಯಾರೂ ಮಾತಾಡುವುದಿಲ್ಲ, ಇದಕ್ಕೇಕೆ ಇಷ್ಟು ಮುಖ ಸಿಂಡರಿಸುತ್ತೀರಿ?" ಎಂದು ಕೇಳಿದವರಿದ್ದಾರೆ. ಕೇಳಿದ್ದು ನ್ಯಾಯವೇ. ಉತ್ತರ ಕೊಡುವ ಹೊಣೆ ನಮ್ಮದು.

ಮೊದಲೇ ಹೇಳಿಬಿಡುತ್ತೇವೆ, ನಾವು ಮೋಟಾರು ಪಂದ್ಯದ ವೈರಿಗಳಲ್ಲ. ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ರ‍್ಯಾಲಿ ನಡೆದಾಗ ಬೆಳಗಿನ ಜಾವದಲ್ಲೇ ಹೋಗಿ ತಿರುವಿನಲ್ಲಿ ಧೂಳು ಕುಡಿಯುತ್ತ ನಿಂತವರೇ. ಕಾಫಿ ಕಣದಲ್ಲಿ ಜೀಪು ಕಲಿಯದ ಮಲೆನಾಡಿನ ಹುಡುಗನಾದರೂ ಎಲ್ಲಿದ್ದಾನೆ? ಆದರೆ ಇಲ್ಲಿ ಕೇಳಿರುವುದು ಬೇರೆ ಜಾತಿಯ ಆಟ.

ಚಕ್ರಗಳು ಹೊರಗೆ ಕಾಣುವ, ಒಬ್ಬನೇ ಕೂರುವ ಈ ಕಾರುಗಳಲ್ಲಿ ಮೆಟ್ಟಿಲುಗಳಿವೆ. ಎಳೆಯ ವಯಸ್ಸಿನಲ್ಲಿ ಕಾರ್ಟಿಂಗ್, ಹದಿನೈದಕ್ಕೆ ಫಾರ್ಮುಲಾ ನಾಲ್ಕು, ಆಮೇಲೆ ಮೂರು, ಎರಡು. ಎಲ್ಲರ ಕಣ್ಣೂ ಮೇಲಿನ ಫಾರ್ಮುಲಾ ಒಂದರ ಮೇಲೆ. 2005ರಲ್ಲಿ ಜಿಪಿ-2 ಎಂಬ ಹೆಸರಿನಲ್ಲಿ ಆರಂಭವಾದ ಸರಣಿಯೇ 2017ರಿಂದ ಫಾರ್ಮುಲಾ ಎರಡು ಎನಿಸಿಕೊಂಡಿದೆ. ಅಲ್ಲಿ ಎಲ್ಲರಿಗೂ ಒಂದೇ ಕಾರು: ಇಟಲಿಯ ಡಲ್ಲಾರಾ ಚಾಸಿ, 2018ರಿಂದ ಫ್ರಾನ್ಸಿನ ಮೆಕಾಕ್ರೋಮ್ 3.4 ಲೀಟರ್ ಎಂಜಿನ್, ಪಿರೆಲಿ ಟೈರು. ಒಂದೇ ಮಣ್ಣು, ಒಂದೇ ನೆರಳು ಕೊಟ್ಟ ಪಾತಿಯಲ್ಲಿ ಯಾವ ಸಸಿ ಚುರುಕೋ ಅದು ತಾನಾಗಿ ಕಾಣುತ್ತದಲ್ಲ, ಅದೇ ಲೆಕ್ಕ. ಅಭ್ಯಾಸಕ್ಕೆ ಸಿಗುವುದು 45 ನಿಮಿಷ, ಅರ್ಹತೆಯ ಓಟಕ್ಕೆ 30 ನಿಮಿಷ. ಶನಿವಾರದ ಚಿಕ್ಕ ಪಂದ್ಯದಲ್ಲಿ ಅರ್ಹತೆಯ ಮೊದಲ ಹತ್ತು ಮಂದಿಯನ್ನು ತಿರುವುಮುರುವಾಗಿ ನಿಲ್ಲಿಸುತ್ತಾರೆ, ಹಿಂದಿನಿಂದ ಮುಂದೆ ಬರಬಲ್ಲವನಾರೆಂದು ನೋಡಲು. ಭಾನುವಾರದ ದೊಡ್ಡ ಪಂದ್ಯ ಗೆದ್ದವನಿಗೆ 25 ಅಂಕ.

ಇಷ್ಟು ಸಮಾನತೆಯಿದ್ದರೂ ವ್ಯತ್ಯಾಸ ಎಷ್ಟೆಂಬುದನ್ನು ನೋಡಿ. ನಮ್ಮ ಬೆಂಗಳೂರಿನ ಕುಶ್ ಮೈನಿ 2024ರಲ್ಲಿ ಇನ್ವಿಕ್ಟಾ ತಂಡದಲ್ಲಿದ್ದರು. ಅದೇ ತಂಡದ ಇನ್ನೊಂದು ಕಾರಿನಲ್ಲಿ ಬ್ರೆಜಿಲಿನ ಗೇಬ್ರಿಯಲ್ ಬೋರ್ಟೊಲೆಟೊ. ಆತ ಮೊಂಜಾದಲ್ಲಿ ಕಟ್ಟಕಡೆಯ ಸ್ಥಾನದಿಂದ ಹೊರಟು ಗೆದ್ದು, ಆ ವರ್ಷದ ಚಾಂಪಿಯನ್ನನೂ ಆಗಿ, 2025ಕ್ಕೆ ಫಾರ್ಮುಲಾ ಒಂದರಲ್ಲಿ ಕೂತ. ಮೈನಿ ಫಾರ್ಮುಲಾ ಎರಡರಲ್ಲೇ ಉಳಿದರು. 2025ರ ಮೇ ತಿಂಗಳಲ್ಲಿ ಮೊನಾಕೊದ ಚಿಕ್ಕ ಪಂದ್ಯವನ್ನು ಗೆದ್ದು ಅಲ್ಲಿ ಭಾರತದ ರಾಷ್ಟ್ರಗೀತೆ ನುಡಿಸಿದ್ದು ಸಣ್ಣ ಮಾತಲ್ಲ. ಆದರೂ ಬಾಗಿಲು ತೆರೆಯಲಿಲ್ಲ.

ಬಾಗಿಲೇ ಅಷ್ಟು ಕಿರಿದು. ಮೇಲಿನ ಪರವಾನಗಿಗೆ ಮೂರು ವರ್ಷದಲ್ಲಿ 40 ಅಂಕ ಗಳಿಸಬೇಕು. ಫಾರ್ಮುಲಾ ಎರಡರಲ್ಲಿ ಮೊದಲ ಮೂವರೊಳಗೆ ಬಂದರೆ ಅಷ್ಟೂ ಸಿಗುತ್ತದೆ, ಆದರೆ ಪರವಾನಗಿ ಬೇರೆ, ಸೀಟು ಬೇರೆ. 2022ರ ಚಾಂಪಿಯನ್ ಡ್ರುಗೊವಿಚ್‌ನಿಗೂ 2023ರ ಪೂರ್ಷೇರ್‌ಗೂ ಗೆದ್ದ ಮರುವರ್ಷ ಮೇಲೆ ಸೀಟು ಸಿಗಲಿಲ್ಲ. ಚಾಂಪಿಯನ್ ಆದವನು ಮತ್ತೆ ಅದೇ ಸರಣಿಗೆ ಬರುವಂತಿಲ್ಲವೆಂಬ ನಿಯಮ ಬೇರೆ! ಗೆದ್ದ ತಪ್ಪಿಗೆ ಬೀದಿಗೆ. ನಮ್ಮ ದೇಶದಿಂದ 2025ರವರೆಗೆ ಫಾರ್ಮುಲಾ ಒಂದರ ಪಂದ್ಯದಲ್ಲಿ ಓಡಿದವರು ಇಬ್ಬರೇ: 2005ರಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಚೆನ್ನೈನ ಕರುಣ್ ಚಂದೋಕ್.

ಇನ್ನು ಹಣ. ಫಾರ್ಮುಲಾ ಎರಡರ ಒಂದು ವರ್ಷಕ್ಕೆ ಹತ್ತಾರು ಕೋಟಿ ರೂಪಾಯಿ. ಅದಕ್ಕೂ ಮುಂಚಿನ ಮೆಟ್ಟಿಲುಗಳಿಗೂ ಕೋಟಿಗಳ ಲೆಕ್ಕವೇ. ಒಂದೇ ಮಣ್ಣು, ಒಂದೇ ನೆರಳು ಎಂದೆವಲ್ಲ, ಆ ಪಾತಿಯೊಳಗೆ ಬೀಜ ಬೀಳಬೇಕಾದರೆ ಅಪ್ಪನ ಅಥವಾ ಪ್ರಾಯೋಜಕರ ಜೇಬು ಆಳವಾಗಿರಬೇಕು. ಜಾಣ ಹುಡುಗನನ್ನು ಹುಡುಕುವ ವ್ಯವಸ್ಥೆಯೆಂದು ಇದನ್ನು ಹೊಗಳುವವರು ಈ ಮಾತನ್ನು ನುಂಗಿಕೊಳ್ಳುತ್ತಾರೆ.

ಎಂಜಿನಿಯರಿಂಗಿನ ಪ್ರಶ್ನೆಗೆ ನಮ್ಮ ಉತ್ತರ ಇದು. ಮೂರನೇ ದರ್ಜೆಯಲ್ಲಿ ಪಾಸಾದ ಎಂಜಿನಿಯರನಿಗೂ ಒಂದು ಸರ್ಟಿಫಿಕೇಟು ಇರುತ್ತದೆ. ಫಾರ್ಮುಲಾ ಮೂರರಲ್ಲಿ ಹದಿನೆಂಟನೆಯವನಾದ ಹುಡುಗನ ಕೈಯಲ್ಲಿ ಹೆಲ್ಮೆಟು ಇರುತ್ತದೆ. ಹಾಗೆಂದು ಎಲ್ಲರೂ ಹಾಳಾಗುತ್ತಾರೆಂದು ಹೇಳಿದರೆ ಅದೂ ಸುಳ್ಳಾದೀತು. ಕುಶ್ ಅವರ ಅಣ್ಣ ಅರ್ಜುನ್ ಮೈನಿ 2017ರಲ್ಲಿ ಜಿಪಿ-3 ಪಂದ್ಯ ಗೆದ್ದರು, 2018ರಲ್ಲಿ ಫಾರ್ಮುಲಾ ಎರಡರಲ್ಲಿ ಓಡಿದರು, ಫಾರ್ಮುಲಾ ಒಂದು ಸಿಗದಿದ್ದಾಗ ಜರ್ಮನಿಯ ಡಿಟಿಎಂ ಸರಣಿಯಲ್ಲಿ ವೃತ್ತಿ ಕಟ್ಟಿಕೊಂಡರು. ಅಂಥ ದಾರಿಗಳೂ ಇವೆ.

ಹಣದ ಮಾತಿನಲ್ಲಿ ಮರೆಯಬಾರದ ಇನ್ನೊಂದಿದೆ. 2019ರ ಆಗಸ್ಟ್ 31ರಂದು ಬೆಲ್ಜಿಯಮ್ಮಿನ ಸ್ಪಾ ಪಥದಲ್ಲಿ, ಫಾರ್ಮುಲಾ ಎರಡರ ಪಂದ್ಯದ ಎರಡನೇ ಸುತ್ತಿನಲ್ಲಿ, ಆಂಟುವಾನ್ ಹ್ಯೂಬರ್ ಎಂಬ ಫ್ರೆಂಚ್ ಯುವಕ ಅಪಘಾತಕ್ಕೆ ಸಿಕ್ಕಿ ತೀರಿಕೊಂಡ. ವಯಸ್ಸು 22. ಅದೇ ಅಪಘಾತದಲ್ಲಿ ಕಾಲು ಜಜ್ಜಿಹೋದ ಹುವಾನ್ ಮ್ಯಾನುಯೆಲ್ ಕೊರೆಯಾ 2021ರಲ್ಲಿ ಮತ್ತೆ ಕಾರಿಗೆ ಹತ್ತಿದ. ಈ ಹುಡುಗರ ಎದೆಗಾರಿಕೆಗೆ ನಾವು ತಲೆಬಾಗುತ್ತೇವೆ. ತಾಯಂದಿರ ನಿದ್ರೆಯ ವಿಷಯ ಅರ್ಜಿಯಲ್ಲಿ ಇರಲಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯವೇನೆಂದರೆ, ಫಸಲಿನ ಹಣದಲ್ಲಿ ಹುಡುಗನನ್ನು ಓಡಿಸಿ, ಪಹಣಿಯ ಮೇಲೆ ಬೇಡ. 2025ರ ಆರಂಭದಲ್ಲಿ ಕಾಫಿಗೆ ಕಂಡರಿಯದ ಧಾರಣೆ ಬಂದಿತು, ಒಪ್ಪಿದೆವು. ಧಾರಣೆ ಇಳಿಯುವುದನ್ನೂ ಕಂಡವರು ನಾವು. ಅಡಿಕೆಯ ಎಲೆಚುಕ್ಕಿ ರೋಗ ಯಾರ ಕನಸನ್ನೂ ಕೇಳಿಕೊಂಡು ಬರುವುದಿಲ್ಲ. ಕೊಯಮತ್ತೂರಿನ ಕರಿ ಪಥದಲ್ಲಿ ಮಾರುತಿ ಸ್ವಿಫ್ಟಿನ ಎಂಜಿನ್ ಕೂಡಿಸಿದ ಎಲ್‌ಜಿಬಿ ಕಾರುಗಳ ಪಂದ್ಯ ನಡೆಯುತ್ತದೆ. ಯೂರೋಪಿನ ಖರ್ಚಿನ ಅತ್ಯಲ್ಪ ಪಾಲಿನಲ್ಲಿ, ಅಲ್ಲಿ ಎರಡು ವರ್ಷ ಎಲ್ಲರನ್ನೂ ಹಿಂದಿಕ್ಕಿ ತೋರಿಸಲಿ. ಹಾಗೆ ಗೆದ್ದರೆ ಪ್ರಾಯೋಜಕರ ಬಾಗಿಲು ತಟ್ಟಲು ಸಂಘದ ಪರವಾಗಿ ಪತ್ರ ಬರೆಯಲು ನಾವು ಸಿದ್ಧ.

ಅರ್ಜಿದಾರರು ಮೊನ್ನೆ ಡಿಪೋಗೆ ಬಂದಿದ್ದರು. ಮುಖ ಸ್ವಲ್ಪ ಗಂಟಿಕ್ಕಿತ್ತು. ಮೈಲುತುತ್ತದ ಚೀಲಗಳನ್ನು ಜೀಪಿಗೆ ಹೇರಿಸಿದ್ದು ಆ ಹುಡುಗನೇ. ಹಿಮ್ಮುಖವಾಗಿ ಆ ಇಕ್ಕಟ್ಟಿನ ಗೇಟಿನಿಂದ ಒಂದೇ ಸಲಕ್ಕೆ ಹೊರತೆಗೆದ. ನಮ್ಮ ಚಾಲಕನಿಗೆ ಇಂದಿಗೂ ಅದು ಮೂರು ಸಲದ ಕೆಲಸ.